ಉಡಿಯ ಖಣಗಳ ಸ್ಕಾರ್ಫ್

ನನಗೊಂದು ಕೆಟ್ಟ ಚಟವಿದೆ: ಯಾವ ಬಟ್ಟೆ ಎಲ್ಲಿಂದ ಬಂತು ಎಂದು ತಿಳಿಯದಿದ್ದರೆ ಊಟ ಸೇರುವುದಿಲ್ಲ. ನಮ್ಮ ಕಡೆ ಮದುವೆ, ಸೀಮಂತ ಏನೇ ಇರಲಿ, ಬಂದ ಮುತ್ತೈದೆಯರ ಉಡಿ ತುಂಬುತ್ತಾರೆ. ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಜೊತೆಗೊಂದು ಖಣ. ಖಣವೆಂದರೆ ಕುಬಸದ, ಅಂದರೆ ರವಿಕೆಯ ಬಟ್ಟೆ. ಆದರೆ ಹಾಗೆ ಬಂದದ್ದನ್ನು ಕುಬಸ ಹೊಲಿಸಿ ತೊಟ್ಟವರನ್ನು ನಾನಂತೂ ಕಂಡಿಲ್ಲ. ಟ್ರಂಕು ಸೇರುತ್ತದೆ, ಮುಂದಿನ ಸೀಮಂತಕ್ಕೆ ಇನ್ನೊಬ್ಬರ ಉಡಿಗೆ ಹೋಗುತ್ತದೆ. ಒಮ್ಮೆ ಪರೀಕ್ಷೆ ಮಾಡಿಯೇಬಿಡೋಣ ಎಂದು ಒಂದು ಹಸಿರು ಖಣದ ಮೂಲೆಗೆ ಕೆಂಪು ದಾರದ ಗಂಟು ಹಾಕಿ ಹಾನಗಲ್ಲಿನ ಮದುವೆಯೊಂದರಲ್ಲಿ ಕೊಟ್ಟೆ. ಎರಡು ವರ್ಷದ ಮೇಲೆ ಹಿರೇಕೆರೂರಿನಲ್ಲಿ ಅದೇ ಗಂಟು ನನ್ನ ಉಡಿಗೇ ಬಂದು ಬಿತ್ತು. ನಡುವೆ ಎಷ್ಟು ಮನೆ ತಿರುಗಿತ್ತೋ ಮಹಾರಾಯರೇ! ನಗು ತಡೆಯಲಾಗದೆ, ಕೆಮ್ಮು ಬಂದವಳ ಹಾಗೆ ಎದ್ದು ಹೊರಗೆ ಹೋದೆ.

ಹೋದ ಚಳಿಗಾಲದಲ್ಲಿ ಅಂಥ ಖಣಗಳಿದ್ದ ನನ್ನ ಟ್ರಂಕು ತೆರೆದದ್ದು ಚಿಗವ್ವನಿಗಾಗಿ. ಚಿಗವ್ವ ನನ್ನ ಅವ್ವನ ತಂಗಿ. ಚಿಗಪ್ಪ ತೀರಿಕೊಂಡ ಮೇಲೆ ನಾವಿರುವ ಶಿಗ್ಗಾವಿಯ ಒಂದು ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಹಿಡಿದಳು. ದಿನಾ ತನ್ನೂರು ದುಂಡಸಿಯಿಂದ ಮೊದಲ ಬಸ್ಸು. ಕಿಟಕಿಯ ಗಾಜು ಸರಿಯಾಗಿ ಮುಚ್ಚುವುದಿಲ್ಲ, ಥಂಡಿ ಗಾಳಿ ನೇರ ಕಿವಿಗೆ. ಸಂಜೆ ಊರಿಗೆ ಹೋಗುವ ಮುಂಚೆ ನಮ್ಮ ಮನೆಗೆ ಬಂದು ಕಿವಿ ಹಿಡಿದುಕೊಂಡು ಚಹಾ ಕುಡಿಯುತ್ತಿದ್ದಳು. ಅಂಗಡಿಯ ಸ್ಕಾರ್ಫ್ ತಂದುಕೊಡುತ್ತೇನೆಂದರೆ ಬೇಡವೇ ಬೇಡ. ಹೊಲಿದು ಕೊಟ್ಟರೆ ಬೇಡ ಅನ್ನಲಾರಳು ಎಂದು ಒಂದು ಭಾನುವಾರ ಮಷೀನಿನ ಮುಂದೆ ಕುಳಿತೆ.

ಕೆಲಸ ದೊಡ್ಡದೇನಲ್ಲ. ಹದಿನಾರು ಖಣಗಳಿಂದ ಗೇಣಗಲದ ಒಂದೊಂದು ಚೌಕ ಕತ್ತರಿಸಿ, ಎರಡೆರಡರಂತೆ ಜೋಡಿಸಿ ಉದ್ದ ಪಟ್ಟಿ ಮಾಡಿದೆ. ಖಣ ತೆಳ್ಳಗೆ, ಚಳಿ ತಡೆಯುವುದಿಲ್ಲ. ಹಿಂದಕ್ಕೆ ಮಗಳ ಹಳೆಯ ಬೂದು ಫ್ಲಾನೆಲ್ ಹೊದಿಕೆ. ಎರಡನ್ನೂ ಒಳಮುಖ ಮಾಡಿಟ್ಟು ಸುತ್ತಲೂ ಹೊಲಿದು, ಬಿಟ್ಟಿದ್ದ ಸಂದಿಯಿಂದ ದಿಂಬಿನ ಚೀಲದ ಹಾಗೆ ಮಗುಚಿದರೆ ಮುಗಿಯಿತು. ನಾಲ್ಕು ಕಡೆ ಸೊಟ್ಟ ಹೋಗಿತ್ತು, ನಿಜ. ಬಿಚ್ಚಿ ಹೊಲಿಯುವ ತಾಳ್ಮೆ ನನ್ನ ಜಾತಕದಲ್ಲೇ ಇಲ್ಲ.

ಚಿಗವ್ವ ಕೈಗೆ ತೆಗೆದುಕೊಂಡು ಒಂದೊಂದೇ ಚೌಕ ಸವರಿದಳು. ನನಗೂ ಹುರುಪು, ಇದು ಸವಣೂರಿನದು, ಇದು ಹುಲಗೂರಿನದು ಎಂದು ಎಲ್ಲದರ ಕತೆ ಹೇಳಿದೆ. ಆದರೆ ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ನೋಡಿದರೆ ಸ್ಕಾರ್ಫನ್ನು ತಿರುವಿ ಕಟ್ಟಿಕೊಂಡಿದ್ದಾಳೆ. ಬೂದು ಫ್ಲಾನೆಲ್ ಹೊರಗೆ, ಖಣಗಳೆಲ್ಲ ಒಳಗೆ. ಅದರ ಮರುದಿನವೂ ಹಾಗೇ. ನನಗೆ ಸಿಟ್ಟೇ ಬಂತು. ಸೊಟ್ಟ ಹೊಲಿಗೆಗೆ ನಾಚಿದಳೇ? ಬಣ್ಣ ಹೆಚ್ಚಾಯಿತೇ? ಮೂರನೆಯ ಸಂಜೆ ಕೇಳಿಯೇಬಿಟ್ಟೆ.

"ಚಿಗವ್ವಾ, ಉಲ್ಟಾ ಯಾಕ ಕಟಗೊಂತಿ? ಹೊಲಿಗಿ ಚಂದ ಆಗಿಲ್ಲೇನು?"

"ಅಯ್ಯ, ಹೊಲಿಗಿಗೇನಾಗೇತಿ ಧಾಡಿ? ಚಂದ ಐತಿ."

"ಮತ್ತ? ಚುಚ್ಚತೈತೇನು?"

"ಏನವಾ, ಪೊಲೀಸರಂಗ ಕೇಳಾಕತ್ತಿ!"

"ಹೇಳೂತನಕಾ ಚಾ ಇಲ್ಲ ನೋಡು."

ಚಿಗವ್ವ ಸ್ಕಾರ್ಫ್ ಬಿಚ್ಚಿ ತೊಡೆಯ ಮೇಲೆ ಹಾಸಿಕೊಂಡಳು. "ಉಡಿ ಖಣ ಅದಾವಲ್ಲವಾ ಇವು. ಬಸ್ಸಿನ್ಯಾಗ ನಮ್ಮೂರ ಹೆಣ್ಮಕ್ಕಳು ಇರ್ತಾರ. ಗಂಡ ಸತ್ತಾಕಿ ಉಡಿ ಖಣ ಕಟಗೊಂಡು ತಿರಗತಾಳ ಅಂದ್ರ?"

ಗಂಟು ಹಾಕಿ ಖಣದ ದಾರಿ ಹುಡುಕಿದವಳು ನಾನು. ಅದು ಯಾವ ಹೆಂಗಸರ ಉಡಿಗೆ ಬೀಳುವುದೇ ಇಲ್ಲ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಆದರೂ ಬಾಯಿ ಸುಮ್ಮನಿರಬೇಕಲ್ಲ! "ಯಾವ ಕಾಲದಾಗ ಅದಿಯಬೇ ನೀ? ಅವರೇನರ ಅನ್ನಲಿ, ನಿನಗೇನು?" ಎಂದು ಜೋರು ಮಾಡಿದೆ.

ಚಿಗವ್ವನ ಬೆರಳು ಒಂದು ಹಳದಿ ಚೌಕದ ಮೇಲೆ ನಿಂತಿತ್ತು. "ಇದು ನಿನ್ನ ಮನಿ ಓಪನಿಂಗಿಂದಲ್ಲ?"

ಹೌದು. ಚಿಗಪ್ಪ ಹೋದ ಮೇಲೆ ನಡೆದ ಈ ಮನೆಯ ಗೃಹಪ್ರವೇಶಕ್ಕೆಂದು ಸವಣೂರಿನಿಂದ ತಂದ ಖಣಗಳ ಕಟ್ಟಿನಲ್ಲಿ ಉಳಿದದ್ದು. ಅವತ್ತು ಬಂದವರ ಉಡಿಯನ್ನೆಲ್ಲ ನಾನೇ ತುಂಬಿದ್ದೆ.

"ಅವತ್ತ ನಾ ಅಡಗಿ ಮನ್ಯಾಗ ಹೋಳಿಗಿ ಲಟ್ಟಸಾಕತ್ತಿದ್ದೆ," ಎಂದಳು ಚಿಗವ್ವ, ನಗುತ್ತಲೇ. "ನೀ ಹೊರಗ ಒಬ್ಬೊಬ್ಬರನ್ನ ಹೆಸರು ಹಿಡದು ಕರಿಯಾಕತ್ತಿದ್ದಿ. ಓದಿದ ಹುಡುಗಿ, ನನ್ನೂ ಕರದರ ಕರದಾಳು ಅಂತ ಕೈ ತೊಳಕೊಂಡು ಕುಂತಿದ್ದೆ ನೋಡು."

ಬಸ್ಸಿನ ಹೆಣ್ಣುಮಕ್ಕಳ ಮೇಲೆ ಹಾರಾಡಿದ್ದೆನಲ್ಲ, ಅವರೇನು ಮಾಡಿದ್ದರು ಪಾಪ? ಅವತ್ತು ಕರೆಯದಿದ್ದವಳು ನಾನು. ಒಳಗೆ ಹೋಗಿ ಡಬ್ಬಿಯಿಂದ ಒಂದು ಬೊಗಸೆ ಅಕ್ಕಿ ತಂದೆ. ಕೊಬ್ಬರಿ ಬಟ್ಟಲು ಇರಲಿಲ್ಲ. ಸ್ಕಾರ್ಫನ್ನು ಖಣದ ಮಗ್ಗುಲು ಮೇಲೆ ಬರುವಂತೆ ಮಡಚಿದೆ.

"ಸೆರಗು ಒಡ್ಡಬೇ ಚಿಗವ್ವಾ," ಎಂದೆ.

ಅವಳು ನನ್ನ ಮುಖ ನೋಡಿದಳು, ಎದ್ದಳು, ಹೋಗಿ ಬೀದಿಬಾಗಿಲಿನ ಚಿಲಕ ಹಾಕಿದಳು. ಆಮೇಲೆ ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು ಬಂದು, ಪೂರ್ವಕ್ಕೆ ಮುಖ ಮಾಡಿ ಕುಳಿತು ಸೆರಗು ಒಡ್ಡಿದಳು.