ವಾರದ ಹಾಳೆಯಲ್ಲಿ ನಾನು ಬಿಟ್ಟ ಸಾಲು

ಹೊಟ್ಟೆಕಿಚ್ಚು ನನಗೆ ಹೊಸದೇನೂ ಅಲ್ಲ. ಅಣ್ಣನಿಗೆ ಹೊಸ ಅಂಗಿ ಹೊಲಿಸಿದರೆಂದು ಎರಡು ಹೊತ್ತು ಊಟ ಬಿಟ್ಟವನು ನಾನು. ಆದರೆ ಸಿಂಧನೂರಿನಲ್ಲಿದ್ದಾಗ ನಾನು ಪಟ್ಟದ್ದು ಬೇರೆಯೇ ತರಹದ್ದು. ಅದು ನಾನೇ ಕೈ ಹಿಡಿದು ಅಕ್ಷರ ತಿದ್ದಿಸಿದ ಮನುಷ್ಯನ ಮೇಲೆ ಹುಟ್ಟಿದ್ದು. ಈಗ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಯಾರನ್ನು ಮೆಚ್ಚಿಸಬೇಕಾಗಿದೆ?

ನಿಜಾಮಶಾಹಿ ಮುಗಿದು ಎರಡು ವರ್ಷವಾಗಿತ್ತು. ಕಚೇರಿ, ಶಾಲೆ ಎಲ್ಲ ಉರ್ದುವಿನಿಂದ ಕನ್ನಡಕ್ಕೆ ತಿರುಗುತ್ತಿದ್ದವು. ಮನೆಯಲ್ಲಿ, ಬಜಾರದಲ್ಲಿ ದಿನವಿಡೀ ಕನ್ನಡ ಮಾತಾಡುವ ಮಂದಿಗೆ ಕನ್ನಡದಲ್ಲಿ ಒಂದು ಅರ್ಜಿ ಬರೆಯಲು ಬರುತ್ತಿರಲಿಲ್ಲ. ಅಂಥವರಿಗಾಗಿ ಊರ ವರ್ತಕರೂ ರೈತರೂ ಸೇರಿ ಒಂದು ಜನತಾ ವಿದ್ಯಾಲಯ ತೆರೆದರು. ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ಪಾಠ. ಗುಮಾಸ್ತರು, ಅಂಗಡಿಕಾರರು, ಊರ ಲೆಕ್ಕ ಬರೆಯುವ ಮೀಸೆ ಬೆಳ್ಳಗಾದ ಪಟವಾರಿಗಳು ಪಾಟಿ ಹಿಡಿದು ಬಂದು ಕೂಡುತ್ತಿದ್ದರು. ಮಸ್ಕಿಯಲ್ಲೊಂದು, ಲಿಂಗಸುಗೂರಿನಲ್ಲೊಂದು ಶಾಖೆ. ಧಾರವಾಡದ ಕಡೆ ಓದಿ ಬಂದ ನಾನು ಸಿಂಧನೂರಿನ ಕನ್ನಡ ಮಾಸ್ತರ.

ಪ್ರತಿ ಗುರುವಾರ ನಾನು ಒಂದು ಹಾಳೆ ಬರೆಯುತ್ತಿದ್ದೆ. ಎಡಗಡೆ ‘ಸಿಬ್ಬಂದಿ ಸುದ್ದಿ’, ಬಲಗಡೆ ‘ಮುಂದಿನ ಕಾರ್ಯಕ್ರಮ’. ಯಾವ ಮಾಸ್ತರರು ಪರೀಕ್ಷೆ ಪಾಸಾದರು, ಯಾರ ಮನೆಯಲ್ಲಿ ತೊಟ್ಟಿಲು, ಯಾವ ಭಾನುವಾರ ಎಲ್ಲಿ ಭಾಷಣ, ಇಂಥವು. ನನ್ನ ಹಾಳೆ ನಮ್ಮ ಗೋಡೆಗೆ. ಅದರ ಎರಡು ನಕಲನ್ನು ಬಸ್ಸಿನ ಕಂಡಕ್ಟರ ಜೇಬಿನಲ್ಲಿಟ್ಟುಕೊಂಡು ಮಸ್ಕಿಗೊಂದು, ಲಿಂಗಸುಗೂರಿಗೊಂದು ಮುಟ್ಟಿಸುತ್ತಿದ್ದ. ಮಸ್ಕಿಯಲ್ಲಿ ಅದನ್ನು ಚಹಾದ ಹೋಟೆಲಿನಲ್ಲಿ ಗಟ್ಟಿಯಾಗಿ ಓದಿಸಿ ಕೇಳುತ್ತಿದ್ದರು. ಹಾಳೆಯಲ್ಲಿ ಬಂದರೆ ಅದು ನಡೆಯುತ್ತದೆ, ಬಾರದಿದ್ದರೆ ನಡೆಯುವುದಿಲ್ಲ ಎಂದು ಮಂದಿಯ ನಂಬಿಕೆ.

ನಕಲು ಮಾಡುವವರಿಗೆ ನಾನೊಂದು ಕಟ್ಟುನಿಟ್ಟು ಹಾಕಿದ್ದೆ. ನನ್ನ ಹಾಳೆಗೆ ಒಂದು ಚುಕ್ಕಿ ಕೂಡಿಸಬಾರದು, ಒಂದು ಚುಕ್ಕಿ ಕಳೆಯಬಾರದು. ಮೊದಮೊದಲು ನಕಲು ಮಾಡುತ್ತಿದ್ದ ಗುಮಾಸ್ತರೊಬ್ಬರು ತಮ್ಮ ಮಗಳ ನಿಶ್ಚಿತಾರ್ಥವನ್ನೂ ‘ಮುಂದಿನ ಕಾರ್ಯಕ್ರಮ’ದಲ್ಲಿ ತುರುಕಿದ್ದರಿಂದ ಮಸ್ಕಿಯಿಂದ ಒಂದು ಬಸ್ಸು ಮಂದಿ ಊಟಕ್ಕೆ ಬಂದು ಇಳಿದಿದ್ದರು. ಅಲ್ಲಿಂದ ಈ ಕಾನೂನು.

ಗುಮಾಸ್ತರ ಕೈಯಿಂದ ತಪ್ಪಿದ ಆ ನಕಲಿನ ಕೆಲಸ ನಮ್ಮ ವಿದ್ಯಾಲಯದಲ್ಲೇ ಭೂಗೋಳ ಹೇಳುತ್ತಿದ್ದ ಉರ್ದು ಮಾಸ್ತರರಿಗೆ ಬಂತು. ನಾನು ಮೊದಲು ಹೇಳಿದ ಆ ಮನುಷ್ಯ ಇವರೇ. ಮುಕ್ಕುಂದದ ಒಕ್ಕಲುತನದ ಮನೆಯವರು. ಹನ್ನೆರಡು ವರ್ಷ ಉರ್ದುವಿನಲ್ಲಿ ಲೆಕ್ಕ, ಭೂಗೋಳ ಕಲಿಸಿದ್ದರು. ಈಗ ನೌಕರಿ ಉಳಿಯಬೇಕಾದರೆ ಕನ್ನಡ ಬರೆಯಬೇಕು. ನನಗಿಂತ ಎಂಟು ವರ್ಷ ದೊಡ್ಡವರು ಬಂದು ನನ್ನೆದುರು ಚಾಪೆಯ ಮೇಲೆ ಕೂತರು. ‘ನೀವು ಮ್ಯಾಲೆ ಕೂಡ್ರಿ, ಮಾಸ್ತರ್ರೇ’ ಎಂದರೆ, ‘ಕಲಿಯೋರು ಕೆಳಗ ಕೂಡಬೇಕ್ರೀ ಗುರುಗಳೇ’ ಎಂದು ನಕ್ಕರು. ವಾರದ ಹಾಳೆಯೇ ಅವರ ಕಾಪಿ ಪುಸ್ತಕ. ನಾನು ಬರೆದದ್ದನ್ನು ನೋಡಿ ನೋಡಿ ಎರಡು ಸಲ ಬರೆಯುತ್ತಿದ್ದರು. ಒಂದೇ ವರ್ಷದಲ್ಲಿ ಅವರ ಅಕ್ಷರ ನನ್ನ ಅಕ್ಷರಕ್ಕಿಂತ ದುಂಡಗಾಯಿತು. ಅದೇ ಮೊದಲ ಉರಿ.

ಎರಡನೆಯದು ಅವರ ಮಾತು. ನನ್ನ ಕನ್ನಡ ಪುಸ್ತಕದ್ದು. ಅವರದು ಹೊಲದ್ದು, ಸಂತೆಯದು. ನಾನು ಪಾಠ ಮಾಡಿದರೆ ಪಟವಾರಿಗಳು ಆಕಳಿಸುತ್ತಿದ್ದರು. ಅವರು ಭೂಗೋಳ ಹೇಳಿದರೆ ಪಕ್ಕದ ಓಣಿಯ ಹೆಂಗಸರೂ ಕಿಟಕಿಗೆ ಬಂದು ನಿಲ್ಲುತ್ತಿದ್ದರು. ಕಂಡಕ್ಟರನೂ ಹಾಳೆ ಇಸಿದುಕೊಳ್ಳುವಾಗ ಕೇಳುತ್ತಿದ್ದ, ‘ಈ ವಾರ ಉರ್ದು ಮಾಸ್ತರ್ರದು ಏನೈತ್ರೀ? ಹೋಟೆಲ್‌ದಾಗ ಮಂದಿ ನನ್ನ ಪ್ರಾಣ ತಿಂತಾರ.’ ಹಾಳೆ ಬರೆಯುವವನು ನಾನು, ಸುದ್ದಿ ಅವರದು! ಮನೆಗೆ ಬಂದು ತಾಟು ಸರಿಸಿದರೆ ಹೆಂಡತಿ ಬಿಡುವವಳಲ್ಲ. ‘ಇವತ್ತ ಒಲಿ ಹಚ್ಚೋದು ಬ್ಯಾಡಿತ್ತು. ನಿಮ್ಮ ಹೊಟ್ಟಿ ಮ್ಯಾಲ ರೊಟ್ಟಿ ಹಾಕಿದ್ರ ಸುಡತಿದ್ವು’ ಎನ್ನುತ್ತಿದ್ದಳು.

ಹೀಗಿರುವಾಗ ಲಿಂಗಸುಗೂರು ಶಾಖೆಗೆ ಒಬ್ಬ ಮುಖ್ಯಸ್ಥ ಬೇಕಾಯಿತು. ನಾನು ಹುಟ್ಟಿದ ಊರದು. ಆ ಊರಿನ ಓಣಿಯಲ್ಲಿ ಹೆಡ್‌ಮಾಸ್ತರನಾಗಿ ಕೊಡೆ ಹಿಡಿದು ಓಡಾಡಬೇಕೆಂಬುದು ನನ್ನ ಬಹಳ ದಿನದ ಆಸೆ. ಇನ್ಯಾರಿಗೆ ಕೊಡುತ್ತಾರೆ ಎಂದು ಮನಸ್ಸಿನಲ್ಲೇ ಕೊಡೆಯನ್ನೂ ಕೊಂಡಿದ್ದೆ. ಆದರೆ ವಿದ್ಯಾಲಯದ ಕಮಿಟಿಗೆ ಅಧ್ಯಕ್ಷರಾಗಿದ್ದ ಬಟ್ಟೆ ಅಂಗಡಿಯ ಯಜಮಾನರು ನನ್ನನ್ನೂ ಉರ್ದು ಮಾಸ್ತರರನ್ನೂ ಕರೆದು, ‘ನೀವಿಬ್ಬರೂ ನಮಗ ಎರಡು ಕಣ್ಣಿದ್ದಂಗ. ಲಿಂಗಸುಗೂರಾಗ ಒಂದೊಂದು ಐತ್ವಾರ ಒಬ್ಬೊಬ್ಬರು ಭಾಷಣ ಮಾಡ್ರಿ. ಅಲ್ಲಿ ಮಂದಿ ಯಾರನ್ನ ಬೇಡತಾರ, ಅವರನ್ನ ಕಳಸ್ತೀವಿ’ ಎಂದರು.

ಮೊದಲ ಭಾನುವಾರ ನನ್ನದು. ‘ವಿದ್ಯೆಯ ಮಹತ್ವ’ ಎಂದು ಒಂದು ತಾಸು ಮಾತಾಡಿದೆ. ಮುಂದಿನ ಸಾಲಿನ ಮುದುಕರೊಬ್ಬರು ಗೊರಕೆ ಹೊಡೆದರು. ಮರಳಿ ಬರುವ ಬಸ್ಸಿನಲ್ಲಿ ನನಗೆ ಎಲ್ಲ ಗೊತ್ತಾಗಿಹೋಗಿತ್ತು. ಮುಂದಿನ ಭಾನುವಾರ ಅವರದು. ಜವಳಗೇರಾದ ಹತ್ತಿರ ಕಾಲುವೆ ಅಗೆಯುವಲ್ಲಿ ರಜೆ ರಜೆಗೆ ಹೋಗಿ, ಎಲ್ಲ ನೋಡಿ, ಕೇಳಿ ಬಂದಿದ್ದರು. ‘ನೀರು ಬರತೈತಿ, ನಾವೇನು ಮಾಡೋಣ?’ ಎಂಬುದು ಅವರ ವಿಷಯ. ಅದನ್ನು ಕೇಳಲು ಮಂದಿ ಬಂಡಿ ಕಟ್ಟಿಕೊಂಡು ಬರುವವರೇ. ನನ್ನ ಕೊಡೆ ಹೋಯಿತು ಎಂದುಕೊಂಡೆ.

ಗುರುವಾರ ಹಾಳೆ ಬರೆಯಲು ಕೂತೆ. ಸಿಬ್ಬಂದಿ ಸುದ್ದಿ ಬರೆದೆ. ಮುಂದಿನ ಕಾರ್ಯಕ್ರಮಕ್ಕೆ ಬಂದೆ. ಮಸ್ಕಿಯ ಪರೀಕ್ಷೆ ಬರೆದೆ, ಸೋಮವಾರದ ಭಜನೆ ಬರೆದೆ, ಕೆಳಗೆ ಗೆರೆ ಎಳೆದುಬಿಟ್ಟೆ. ಅವರ ಭಾಷಣದ ಸಾಲು ಬರೆಯಲಿಲ್ಲ. ಮರೆತೆನೆಂದು ಈಗ ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ಬೇಕೆಂದೇ ಬಿಟ್ಟೆ.

ಹಾಳೆಯನ್ನು ಅವರ ಮುಂದಿಟ್ಟು ಎದುರಿಗೇ ಕೂತೆ. ಅವರು ಎಂದಿನಂತೆ ಮಸಿಕುಡಿಕೆ ತೆರೆದು ಬರೆಯತೊಡಗಿದರು. ಗೆರೆಯ ಹತ್ತಿರ ಬಂದಾಗ ಕೈ ನಿಂತಿತು. ಹಾಳೆಯನ್ನು ಮೇಲಿನಿಂದ ಕೆಳಗೆ ಇನ್ನೊಮ್ಮೆ ನೋಡಿದರು. ನನ್ನ ಮುಖ ನೋಡಿದರು. ಕೇಳಿದರೆ ‘ಅಯ್ಯೋ, ಮರತೇಬಿಟ್ಟೆ ನೋಡ್ರಿ!’ ಎನ್ನಲು ಬಾಯಿಯಲ್ಲೇ ಮಾತು ಇಟ್ಟುಕೊಂಡಿದ್ದೆ. ಅವರು ಕೇಳಲಿಲ್ಲ. ಪಟ್ಟಿ ಇಟ್ಟು ಗೆರೆ ಎಳೆದರು. ಎರಡನೆಯ ನಕಲಿಗೂ ಹಾಗೇ ಎಳೆದು, ಮಸಿ ಒಣಗಲೆಂದು ಉಫ್ ಎಂದು ಊದಿ, ಎರಡೂ ಹಾಳೆ ನನ್ನ ಕೈಗಿತ್ತರು. ನಾನೇ ಹೋಗಿ ಕಂಡಕ್ಟರನಿಗೆ ಕೊಟ್ಟು ಬಂದೆ.

ಭಾನುವಾರ ಲಿಂಗಸುಗೂರಿನಲ್ಲಿ ಭಾಷಣ ನಡೆಯಲಿಲ್ಲ. ಸೋಮವಾರ ಬೆಳಿಗ್ಗೆ ಅಧ್ಯಕ್ಷರು ನನ್ನನ್ನು ಅಂಗಡಿಗೆ ಕರೆಸಿದರು. ಸಿಕ್ಕಿಬಿದ್ದೆ ಎಂದುಕೊಂಡೇ ಹೋದೆ. ಅವರು ಗಾದಿಯ ಮೇಲೆ ಕೂಡಿಸಿ, ‘ಉರ್ದು ಮಾಸ್ತರ್ರು ಶನಿವಾರ ತಾವಾಗೇ ಬಂದು ನನಗ ಬ್ಯಾಡ, ಗುರುಗಳಿಗೇ ಕೊಡ್ರಿ ಅಂದು ಹೋದ್ರು. ಲಿಂಗಸುಗೂರು ನಿಮ್ಮದೇ’ ಎಂದರು. ಸುಳ್ಳೇಕೆ ಹೇಳಲಿ, ಮನೆಗೆ ಹಾರಿಕೊಂಡೇ ಹೋದೆ. ಏಕೆ ಬೇಡ ಎಂದರು ಎಂದು ಕೇಳಲೂ ಇಲ್ಲ. ಆ ವಾರದ ಸಿಬ್ಬಂದಿ ಸುದ್ದಿಯಲ್ಲಿ ನನ್ನ ನೇಮಕದ ಸಾಲನ್ನು ದಪ್ಪಕ್ಷರದಲ್ಲಿ ಬರೆದೆ. ಅವರು ಅದನ್ನು ನನಗಿಂತ ಚೆಂದಾಗಿ ಎರಡು ಸಲ ನಕಲು ಮಾಡಿದರು.

ಹೊರಡುವ ದಿನ ನನ್ನ ಟ್ರಂಕನ್ನು ತಾವೇ ಹೊತ್ತು ಬಸ್ ನಿಲ್ದಾಣಕ್ಕೆ ಬಂದರು. ಹೆಂಡತಿ ಬಸ್ಸಿನೊಳಗೆ ಹೋಗಿ ಕೂತಿದ್ದಳು. ಹೇಗೂ ಗೆದ್ದಾಗಿತ್ತಲ್ಲ, ಧೈರ್ಯ ಮಾಡಿ ಕೇಳಿದೆ.

‘ಅವತ್ತ ಭಾಷಣಕ್ಕ ಯಾಕ ಹೋಗಲಿಲ್ಲ ನೀವು?’

‘ನೀವು ಹಾಳ್ಯಾಗ ಬರೀಲಿಲ್ಲಲ್ರೀ’ ಎಂದರು. ದೂರಿನ ದನಿಯೇ ಇರಲಿಲ್ಲ. ‘ನೀವು ಬರದಿಲ್ಲಂದ್ರ ನನ್ನ ಕನ್ನಡ ಇನ್ನೂ ಮಂದಿ ಮುಂದ ನಿಲ್ಲೂವಂಥಾದ್ದಲ್ಲ ಅಂತ ತಿಳಕೊಂಡೆ. ಬಾಯಿಲೆ ಹೇಳಿದ್ರ ನನಗ ನೋವಾದೀತು ಅಂತ ನೀವು ಹಂಗ ತಿಳಿಸಿದ್ರಿ. ನಿಮ್ಮ ದೊಡ್ಡಸ್ತನ ರೀ ಅದು.’

ಬಸ್ಸು ಹೊರಟಿತು. ಬಳಗಾನೂರಿನ ಕಡೆಯ ಎರೆಹೊಲಗಳಲ್ಲಿ ಜೋಳ ತೆನೆ ಕಟ್ಟಿತ್ತು. ನಾನು ಅತ್ತ ನೋಡುತ್ತ ಕೂತೆ. ಹೆಂಡತಿ ಏನೋ ಕೇಳಿದಳು, ನಾನು ಸಿಡುಕಿದೆ.

ಎರಡು ವರ್ಷ ಲಿಂಗಸುಗೂರಿನಲ್ಲಿ ಕೊಡೆ ಹಿಡಿದು ಓಡಾಡಿದೆ. ಪ್ರತಿ ವಾರ ಸಿಂಧನೂರಿನಿಂದ ಹಾಳೆ ಬರುತ್ತಿತ್ತು. ಈಗ ಅದನ್ನು ಬರೆಯುವವರು ಅವರೇ. ಎಲ್ಲರ ಭಾಷಣಗಳೂ ಇರುತ್ತಿದ್ದವು. ಅವರದೊಂದು ಮಾತ್ರ ಇರುತ್ತಿರಲಿಲ್ಲ. ತಪ್ಪು ಹುಡುಕಲೆಂದೇ ಓದುತ್ತಿದ್ದೆ. ಒಂದು ಒತ್ತಕ್ಷರವೂ ತಪ್ಪಿರುತ್ತಿರಲಿಲ್ಲ. ಕಡೆಗೆ ಒಂದು ವಾರ ತಡೆಯಲಾರದೆ ಪೆನ್ನು ತೆಗೆದು, ಮುಂದಿನ ಕಾರ್ಯಕ್ರಮದ ಕೆಳಗೆ ಲಿಂಗಸುಗೂರಿನಲ್ಲಿ ಅವರ ಭಾಷಣವೆಂಬ ಸಾಲನ್ನು ನಾನೇ ಬರೆದೆ. ಅದರ ನಕಲನ್ನು ಕಂಡಕ್ಟರನ ಕೈಯಲ್ಲಿ ಸಿಂಧನೂರಿಗೂ ಮಸ್ಕಿಗೂ ಕಳಿಸಿದೆ.

ಅವರು ಬಂದರು. ಮಸ್ಕಿಯ ಮಂದಿ ಬಸ್ಸಿನ ಟಪ್ಪಿನ ಮೇಲೆ ಕೂತು ಬಂದರು. ಹೋಟೆಲಿನವನು ಹೋಟೆಲು ಮುಚ್ಚಿ ಬಂದಿದ್ದ. ಶಾಲೆಯ ಅಂಗಳ ಸಾಲದೆ ಮಂದಿ ಗೋಡೆ ಹತ್ತಿದರು. ಅವರು ಎದ್ದು ನಿಂತು, ಕಾಲುವೆಯ ಮಾತೆತ್ತುವ ಮೊದಲು ನನ್ನ ಕಡೆ ಕೈ ಮಾಡಿದರು.

‘ಎರಡು ವರ್ಷದ ಹಿಂದನ ನಾನು ಇಲ್ಲಿ ಮಾತಾಡೂದಿತ್ತು. ನಮ್ಮ ಗುರುಗಳು ತಡದ್ರು. ಇನ್ನೂ ಹಸಿ ಅದೀ, ಮಾಗು ಅಂದ್ರು. ಇವತ್ತ ಅವರಾಗೇ ತಮ್ಮ ಕೈಯಾರೆ ನನ್ನ ಹೆಸರು ಬರದು ಕರದಾರ. ಮೊದಲು ಅವರಿಗೆ ಚಪ್ಪಾಳಿ ಹೊಡೀರಿ.’

ಊರಿಗೆ ಊರೇ ನನ್ನ ಕಡೆ ತಿರುಗಿ ಚಪ್ಪಾಳೆ ಹೊಡೆಯಿತು. ಅಂದು ಗೊರಕೆ ಹೊಡೆದ ಮುದುಕರೂ ಹೊಡೆದರು. ಹುಟ್ಟಿದ ಊರಿನಲ್ಲಿ ನನಗೆ ಅಂಥ ಚಪ್ಪಾಳೆ ಮುಂದೆಯೂ ಬೀಳಲಿಲ್ಲ. ನಿಜ ಹೇಳಿಬಿಡಬೇಕೆಂದು ಎದ್ದು ನಿಂತೆ. ನಿಂತವನಿಗೆ, ಇದೂ ಅವರು ಹೇಳಿದ್ದಕ್ಕೆ ಬಿದ್ದ ಚಪ್ಪಾಳೆಯೇ ಅಲ್ಲವೇ, ನನ್ನದಲ್ಲವಲ್ಲ ಎನಿಸಿ, ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಎದ್ದಿತು. ಕೈ ಮುಗಿದು ಕೂತುಬಿಟ್ಟೆ.