ಇಲ್ಲೇ ಸುತ್ತಿದ ಮೋಟಾರು

ಪರಾಗ್ವೆಯ ಕಪಿಯಾತಾ ಊರಿನ ಸಮೂದಿಯೋ ಫ್ಯಾನ್ ಕಾರ್ಖಾನೆಗೆ ಡಿಗ್ನಾ ಒವೆಲಾರ್ ಕೆಲಸಕ್ಕೆ ಸೇರಿದಾಗ ಈಗಿನ ಯಜಮಾನ ಕ್ರಿಸ್ಪಿನ್ ಚಡ್ಡಿ ಹಾಕಿಕೊಂಡು ಅಂಗಳದ ಮಾವಿನಮರ ಹತ್ತುತ್ತಿದ್ದ. ಒಮ್ಮೆ ಅವನು ತಾಮ್ರದ ತಂತಿ ಕದ್ದು ಗಾಳಿಪಟಕ್ಕೆ ಕಟ್ಟಿದಾಗ ಕಿವಿ ಹಿಂಡಿದವಳು ಅವಳೇ. ಈಗ ಅವನು ಡಾನ್ ಕ್ರಿಸ್ಪಿನ್, ಅವಳು ಎಲ್ಲರ ಬಾಯಲ್ಲೂ ಞಾ ಡಿಗ್ನಾ, ಅಂದರೆ ಡಿಗ್ನಮ್ಮ. ಕಿವಿಯ ವಿಷಯವನ್ನು ಇಬ್ಬರೂ ಎತ್ತುವುದಿಲ್ಲ.

ಅವಳ ಕೆಲಸ ಮೋಟಾರಿಗೆ ತಂತಿ ಸುತ್ತುವುದು. ಕೂದಲೆಳೆಯಂಥ ತಂತಿಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಬಿಗಿಹಿಡಿದು, ಇನ್ನೊಂದು ಕೈಯಲ್ಲಿ ಮೆಷಿನ್ನಿನ ಹಿಡಿಕೆ ತಿರುಗಿಸಿ ಸುರುಳಿ ಮಾಡಬೇಕು. ಸುರುಳಿಯನ್ನು ಕಬ್ಬಿಣದ ಬಳೆಯ ಹಲ್ಲುಗಳ ಸಂದಿನಲ್ಲಿ ಬಿದಿರಿನ ಚಕ್ಕೆಯಿಂದ ಒತ್ತಿ ಕೂರಿಸಬೇಕು. ಆಮೇಲೆ ದಾರ ಬಿಗಿದು, ವಾರ್ನಿಷ್‌ನಲ್ಲಿ ಅದ್ದಿ ಒಣಗಿಸುವುದು. ಬಿಗಿ ಹೆಚ್ಚಾದರೆ ತಂತಿ ಹರಿಯುತ್ತದೆ, ಸಡಿಲಾದರೆ ಮೋಟಾರು ಗೊಣಗುತ್ತದೆ. ಡಿಗ್ನಾ ಸುತ್ತಿದ ಮೋಟಾರು ಗೊಣಗಿದ್ದಿಲ್ಲ, ಗೊಣಗುತ್ತಿದ್ದವಳು ಅವಳೇ. ಪಕ್ಕದವಳು ಸುತ್ತಿದ್ದು ಹಿಡಿಸದಿದ್ದರೆ ಕಿತ್ತು ಅಂಗಳಕ್ಕೆ ಎಸೆಯುತ್ತಿದ್ದಳು. ಒಳ್ಳೆಯವಳು ಎಂದು ಅವಳನ್ನು ಯಾರೂ ಹೊಗಳಿದ್ದು ಕೇಳಿಲ್ಲ. ಎರಡನೆಯ ಗಂಡ ಬ್ಯೂನಸ್ ಐರಿಸ್‌ಗೆ ಗಾರೆ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದಾಗ ಅಯ್ಯೋ ಪಾಪ ಅನ್ನಲು ಬಂದವರಿಗೆ, "ಸುತ್ತು ಸಡಿಲ ಇತ್ತು, ಬಿಚ್ಕೊಂಡ್ ಹೋಯ್ತು, ಬಿಡಿ" ಎಂದು ಒಂದೊಂದು ಸುತ್ತು ತಣ್ಣನೆಯ ತೆರೆರೆ ಕಷಾಯ ಕುಡಿಸಿ ಕಳಿಸಿದ್ದಳು.

ಫ್ಯಾನಿನ ಹುಟ್ಟೂರು ಯಾವುದು ಎಂಬುದು ಈ ತಂತಿಯ ಮೇಲೆಯೇ ನಿಂತಿತ್ತು. ರೆಕ್ಕೆ, ಜಾಲರಿ, ಸ್ಕ್ರೂ ಎಲ್ಲ ಚೀನಾದಿಂದ ಹಡಗು ಹತ್ತಿ ಬಂದರೂ ಅಡ್ಡಿಯಿಲ್ಲ. ಮೋಟಾರು ಇಲ್ಲಿ ಸುತ್ತಿದ್ದಾದರೆ ಫ್ಯಾನು ಪರಾಗ್ವೆಯದು, ಸುಂಕವಿಲ್ಲದೆ ಗಡಿ ದಾಟಿ ಬ್ರೆಜಿಲ್‌ಗೆ ಹೋಗಬಹುದು. ಬರೀ ತಂದು ಜೋಡಿಸಿದ್ದಾದರೆ ಅದು ಚೀನಾದ್ದೇ. ಸ್ಕ್ರೂ ತಿರುಗಿಸಿದ ಮಾತ್ರಕ್ಕೆ ಹುಟ್ಟೂರು ಬದಲಾಗುವುದಿಲ್ಲ ಎಂಬುದು ಹುಟ್ಟೂರಿನ ಸರ್ಟಿಫಿಕೇಟ್ ಕೊಡುವ ಸರ್ಕಾರಿ ಕಚೇರಿಯವರ ನ್ಯಾಯ.

ಅಪ್ಪ ತೀರಿಕೊಂಡು ಕ್ರಿಸ್ಪಿನ್ ಯಜಮಾನನಾದ ಮೇಲೆ, ಚೀನಾದಲ್ಲೇ ಸುತ್ತಿ ತಯಾರಾದ ಮೋಟಾರುಗಳು ಪೆಟ್ಟಿಗೆಗಟ್ಟಲೆ ಬರತೊಡಗಿದವು. ಅಗ್ಗ, ಕಿರಿಕಿರಿಯೂ ಇಲ್ಲ. ಸುತ್ತುವ ಹೆಂಗಸರನ್ನು ಮನೆಗೆ ಕಳಿಸಿದ. ಡಿಗ್ನಾಳನ್ನು ಕಳಿಸುವ ಧೈರ್ಯ ಸಾಲದೆ ಚೀಟಿ ಅಂಟಿಸುವ ಮೇಜಿಗೆ ಕೂರಿಸಿದ. 'ಪರಾಗ್ವೆಯಲ್ಲಿ ತಯಾರಾದದ್ದು' ಎಂಬ ಚೀಟಿ. ಅದು ಸುಳ್ಳೆಂಬುದು ಅವಳನ್ನು ಅಷ್ಟಾಗಿ ಕಾಡಲಿಲ್ಲ. ಸುಳ್ಳಿಲ್ಲದ ಕಾರ್ಖಾನೆ ಯಾವುದಿದೆ? ಕಾಡಿದ್ದು ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟ ಅವಳ ಮೆಷಿನ್ನು. ಅದರ ಮುಂದಿನ ಕುರ್ಚಿ ತನಗೆ ಮರಳಿ ಬೇಕು. ಅವಳಿಗಿದ್ದ ಆಸೆ ಅದೊಂದೇ.

ಹೀಗೆ ಎರಡು ವರ್ಷ ನಡೆಯಿತು. ಇಷ್ಟು ಚಿಕ್ಕ ಕಾರ್ಖಾನೆಯಿಂದ ಇಷ್ಟೊಂದು ಫ್ಯಾನು ಹೇಗೆ ಬರುತ್ತವೆ ಎಂದು ಗಡಿಯಾಚೆಯ ಯಾರಿಗೋ ಅನುಮಾನ ಬಂತು. ಮುಂದಿನ ವಾರ ರಾಜಧಾನಿ ಅಸುನ್ಸಿಯೋನ್‌ನಿಂದ ಅಧಿಕಾರಿ ಬಂದು ಕಣ್ಣಾರೆ ನೋಡುತ್ತಾರೆ ಎಂದು ಸುದ್ದಿ ಬಂದಾಗ ಕ್ರಿಸ್ಪಿನ್ ತಾನಾಗಿ ಚೀಟಿಯ ಮೇಜಿನ ಬಳಿ ಬಂದ.

"ಞಾ ಡಿಗ್ನಾ, ನೀವೇ ಕಾಪಾಡ್ಬೇಕು. ಅವತ್ತು ನಿಮ್ಮ ಮೆಷಿನ್ ಮುಂದೆ ಕೂತು ಸುತ್ತಿ ತೋರಿಸಿ. ದಿನಾ ಇದೇ ಕೆಲ್ಸ ಅನ್ನೋ ಥರ."

"ಆಮೇಲೆ?"

"ಆಮೇಲೇನು? ಸರ್ಟಿಫಿಕೇಟ್ ಉಳೀತು, ಎಲ್ಲರ ಹೊಟ್ಟೆಪಾಡೂ ಉಳೀತು."

"ನನ್ನ ಕುರ್ಚಿ?"

"ಕೊಡ್ತೀನಿ. ಅಪ್ಪನ ಆಣೆ."

ಅವತ್ತೇ ಮೆಷಿನ್ನಿನ ಮೇಲಿನ ಬಟ್ಟೆ ತೆಗೆದಳು. ಕೈ ಏನನ್ನೂ ಮರೆತಿರಲಿಲ್ಲ, ಚರ್ಮ ಮಾತ್ರ ಮರೆತಿತ್ತು. ದಡ್ಡುಗಟ್ಟಿದ್ದ ಬೆರಳು ಚೀಟಿ ಅಂಟಿಸಿ ಅಂಟಿಸಿ ಮೆತ್ತಗಾಗಿತ್ತು. ತಂತಿ ಬೆಣ್ಣೆಗೆ ಇಳಿದಂತೆ ಇಳಿಯಿತು. ರಕ್ತ ಒರೆಸಿಕೊಂಡು ಸುತ್ತಿದಳು. ಅವಳಿಗೆ ತುಂಬ ಸಂತೋಷವಾಯಿತು, ನಾಚಿಕೆಯಾಗುವಷ್ಟು.

ಗೇಟಿನ ಬಳಿ ಜೋಯ್ಲಾ ಚೀಪಾ ರೊಟ್ಟಿ ಮಾರುತ್ತಿದ್ದಳು. ಹಿಂದೆ ಡಿಗ್ನಾಳ ಪಕ್ಕದಲ್ಲೇ ಕೂತು ಸುತ್ತುತ್ತಿದ್ದವಳು, ಈಗ ತಲೆಯ ಮೇಲೆ ಬುಟ್ಟಿ.

"ಏನೇ, ಬೆರಳಿಗೆಲ್ಲ ಚಿಂದಿ ಸುತ್ಕೊಂಡಿದೀಯ! ಮೋಟಾರು ಯಾವ್ದು, ಬೆರಳು ಯಾವ್ದು ಅಂತ ಮರ್ತೋಯ್ತಾ?"

ಡಿಗ್ನಾ ಎಲ್ಲ ಹೇಳಿದಳು. ಜೋಯ್ಲಾ ಬುಟ್ಟಿ ಇಳಿಸಿ ನಕ್ಕಳು.

"ಥೂ ಪೆದ್ದಿ! ನೀನು ಚೆನ್ನಾಗಿ ನಾಟಕ ಆಡಿದ್ರೆ ಅವನಿಗೆ ಸರ್ಟಿಫಿಕೇಟ್ ಸಿಗತ್ತೆ. ಸಿಕ್ಕ ಮೇಲೆ ನಿನ್ನ ಕೈಲಿ ಯಾಕೆ ಸುತ್ತಿಸ್ತಾನೆ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ?"

"ನಿಜ ಹೇಳಿದ್ರೆ?"

"ನಿಜ ಹೇಳಿದ್ರೆ ಇಲ್ಲಿ ಸುತ್ತಿಸ್ಲೇಬೇಕು. ಇಲ್ಲಾ, ಬಾಗ್ಲು ಮುಚ್ಬೇಕು. ಮುಚ್ಚಿದ್ರೆ ಬಾ, ನಮ್ಮನೇಲಿ ಇನ್ನೊಂದು ಬುಟ್ಟಿ ಇದೆ."

ಆ ಮಾತು ಡಿಗ್ನಾಳ ತಲೆಯಲ್ಲಿ ಹುಳದಂತೆ ಹೊಕ್ಕು ಕೂತಿತು. ಆಣೆ ನಂಬಿದರೆ ಕುರ್ಚಿ ಸಿಗುವುದೋ, ನಿಜ ಹೇಳಿದರೆ ಸಿಗುವುದೋ ಎಂದು ವಾರವಿಡೀ ತೂಗಿದಳು. ಅಧಿಕಾರಿ ಬಂದ ಬೆಳಿಗ್ಗೆಯೂ ತಕ್ಕಡಿ ನಿಂತಿರಲಿಲ್ಲ.

ಅಧಿಕಾರಿಯ ಹೆಸರು ಒದಿಲೋನ್ ರೆಕಾಲ್ದೆ. ದಪ್ಪ ಆಸಾಮಿ, ಕೊರಳಲ್ಲಿ ಬೆವರಿಗೆಂದು ಕರವಸ್ತ್ರ. ಹೆಚ್ಚು ಮಾತಿಲ್ಲ. ಡಿಗ್ನಾ ಚಿಂದಿ ಬಿಚ್ಚಿಟ್ಟು ಸುತ್ತತೊಡಗಿದಳು. ಸುರುಳಿ ಸಂದಿನಲ್ಲಿ ಕೂತಿತು, ದಾರ ಬಿಗಿಯಿತು. ರೆಕಾಲ್ದೆ ಅದನ್ನು ತಿರುಗಿಸಿ ನೋಡಿ ತಲೆಯಾಡಿಸಿದ. ಕ್ರಿಸ್ಪಿನ್‌ಗೆ ಹೋದ ಉಸಿರು ಬಂತು.

"ಅಚ್ಚುಕಟ್ಟು. ಎಲ್ಲಿ, ಕೈ ತೋರ್ಸಿ" ಎಂದ ರೆಕಾಲ್ದೆ.

ತೋರಿಸಿದಳು. ಎರಡು ಬೆರಳಲ್ಲೂ ಕೆಂಪು ಗೆರೆಗಳು, ಒಂದೂ ಹಳೆಯದಲ್ಲ.

"ನಮ್ಮಪ್ಪ ಲೂಕೆಯಲ್ಲಿ ಗಿಟಾರ್ ಬಾರಿಸೋನು. ದಿನಾ ಬಾರಿಸ್ವಾಗ ಬೆರಳಲ್ಲಿ ದಡ್ಡು ಇರೋದು. ಬಹಳ ದಿನ ಬಿಟ್ಟು ಹಿಡಿದ್ರೆ ಹೀಗೇ ಕೊಯ್ಕೊಳ್ಳೋದು." ದನಿ ಏರಿಸದೆ ಕೇಳಿದ: "ಈ ಕೆಲ್ಸ ಯಾವಾಗ ಬಿಟ್ರಿ ಞಾ ಡಿಗ್ನಾ?"

ಉತ್ತರವೇನೋ ಸಿದ್ಧವಿತ್ತು. ಹೊಸ ತಂತಿ, ಮೊನಚು ಜಾಸ್ತಿ, ಹಾಗಾಗಿ ಕೊಯ್ಯಿತು ಎನ್ನಬಹುದಿತ್ತು. ಆದರೆ ಈ ಪ್ರಶ್ನೆಯನ್ನು ಇಷ್ಟು ದಿನ ಯಾರೂ ಕೇಳಿರಲಿಲ್ಲ, ಕೇಳಿದವನು ತಪ್ಪಾಗಿ ಕೇಳಿದ್ದ. ಅವಳ ಪಿತ್ತ ನೆತ್ತಿಗೇರಿತು.

"ನಾನಾ ಬಿಟ್ಟಿದ್ದು? ಹೋಗಿ ಆ ಹಿಂದಿನ ಕೋಣೆಯ ಪೆಟ್ಟಿಗೆ ತೆಗ್ದು ನೋಡಿ. ಬಿಟ್ಟಿದ್ದು ಯಾರು ಅಂತ ಗೊತ್ತಾಗತ್ತೆ."

ಕೋಪದಲ್ಲಿ ಹೇಳಿದ್ದೋ, ಲೆಕ್ಕ ಹಾಕಿ ಹೇಳಿದ್ದೋ ಎಂದು ಯಾರಾದರೂ ಕೇಳಿದ್ದರೆ ಎರಡೂ ಎನ್ನುತ್ತಿದ್ದಳು.

ಪೆಟ್ಟಿಗೆ ತೆಗೆದರು. ಸರ್ಟಿಫಿಕೇಟ್ ರದ್ದಾಯಿತು. ಮೋಟಾರು ಇಲ್ಲಿ ಸುತ್ತುವವರೆಗೆ ಸಮೂದಿಯೋ ಫ್ಯಾನು ಚೀನಾದ ಫ್ಯಾನು ಎಂದು ಬರೆದು ಕೊಟ್ಟು ರೆಕಾಲ್ದೆ ಹೊರಟುಹೋದ. ಲಾರಿಗಳು ನಿಂತವು, ಅರ್ಧ ಜನಕ್ಕೆ ಕೆಲಸಕ್ಕೆ ಬರಬೇಡಿ ಎಂದಾಯಿತು. ಮಾವಿನಮರದ ಕೆಳಗೆ ಎಲ್ಲರೂ ಸರದಿಯಲ್ಲಿ ಹೀರುವ ತೆರೆರೆಯ ಕೊಂಬಿನ ಲೋಟ ಕೈಯಿಂದ ಕೈಗೆ ಹೋಗುವಾಗ ಡಿಗ್ನಾಳನ್ನು ಬಿಟ್ಟು ಮುಂದಿನವಳಿಗೆ ಹೋಗುತ್ತಿತ್ತು. ಕಪಿಯಾತಾದಲ್ಲಿ ಕೆನ್ನೆಗೆ ಹೊಡೆದರೂ ಅಷ್ಟು ನೋಯುವುದಿಲ್ಲ. ಅವಳು ಮನೆಯಿಂದ ತನ್ನದೇ ಕೊಂಬು ತಂದು ಒಬ್ಬಳೇ ಕುಡಿದಳು. ಕಾಯಿರಿ, ಸುತ್ತಲೇಬೇಕಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ಅವಳ ಲೆಕ್ಕ ತಪ್ಪಲಿಲ್ಲ. ಸುಂಕ ಕಟ್ಟುವುದಕ್ಕಿಂತ ಸುತ್ತುವುದೇ ಮೇಲು ಎಂದು ಕ್ರಿಸ್ಪಿನ್‌ಗೂ ಹೊಳೆಯಿತು. ಸೋಮವಾರದಿಂದ ಮೋಟಾರು ಇಲ್ಲೇ ಸುತ್ತುತ್ತೇವೆ ಎಂದು ಸಾರಿದ. ಲಾರಿ ನಿಂತಾಗ ಕೆಲಸ ಹೋದವರನ್ನು ಮತ್ತೆ ಕರೆಸಿದ, ಕೊಂಬು ಮತ್ತೆ ಡಿಗ್ನಾಳ ಕೈಗೆ ಬಂತು. ಸೋಮವಾರ ಅವಳು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೊಸದಾಗಿ ಕೆತ್ತಿದ ಬಿದಿರಿನ ಚಕ್ಕೆ ಹಿಡಿದು ಎಲ್ಲರಿಗಿಂತ ಮೊದಲು ಬಂದಳು.

ಲಾರಿಯಿಂದ ಇಳಿದದ್ದು ಕಪಾಟಿನಷ್ಟು ದೊಡ್ಡ ಮೆಷಿನ್ನು. ತಾನೇ ಸುತ್ತುತ್ತದೆ, ತಾನೇ ಒತ್ತಿ ಕೂರಿಸುತ್ತದೆ, ದಾರವನ್ನೂ ತಾನೇ ಬಿಗಿಯುತ್ತದೆ. ಗುಂಡಿ ಒತ್ತಲು ಒಬ್ಬ ಮೆಕ್ಯಾನಿಕ್ ಸಾಕು. ಬಂದ ಲಾರಿಯಲ್ಲೇ ಡಿಗ್ನಾಳ ಹಳೆಯ ಮೆಷಿನ್ನನ್ನು ಗುಜರಿಗೆ ಹೇರಿದರು.

"ಞಾ ಡಿಗ್ನಾ, ಎಲ್ಲರ ಕೆಲ್ಸಾನೂ ಉಳೀತಲ್ಲ" ಎಂದ ಕ್ರಿಸ್ಪಿನ್, ಬೇರೆಲ್ಲೋ ನೋಡುತ್ತ. "ನಿಮ್ದೂ ಉಳೀತು. ಚೀಟಿ ಮೇಜು ನಿಮ್ದೇ."

ಅವಳು ಬಿದಿರಿನ ಚಕ್ಕೆಯನ್ನು ಜೇಬಿಗಿಳಿಸಿ ಚೀಟಿಯ ಮೇಜಿಗೆ ಹೋಗಿ ಕೂತಳು. ಅವತ್ತು ಒಂದು ಬೈಗುಳವೂ ಹೊರಡಲಿಲ್ಲ ಎಂಬುದೇ ಕಾರ್ಖಾನೆಯ ಹುಡುಗಿಯರಿಗೆ ಹೆದರಿಕೆ ಹುಟ್ಟಿಸಿತು.

ರೆಕಾಲ್ದೆ ಮತ್ತೆ ಬಂದ. ಮೆಷಿನ್ನು ಸುತ್ತುವುದನ್ನು ನೋಡಿದ, ಹಿಂದಿನ ಕೋಣೆ ಖಾಲಿಯಿರುವುದನ್ನೂ ನೋಡಿದ. ಫ್ಯಾನು ಪರಾಗ್ವೆಯದು ಎಂದು ಸಹಿ ಹಾಕಿದ. ಹೊರಡುವಾಗ ಚೀಟಿಯ ಮೇಜಿನ ಬಳಿ ನಿಂತು, "ನೀವು ಇಲ್ಲಿ? ಈಗ ಸುತ್ತೋದು ನೀವಲ್ವಾ?" ಎಂದ.

"ಇಲ್ಲೇ ಸುತ್ತತ್ತಲ್ಲ ಸಾಹೇಬ್ರೇ, ಕಣ್ಣಾರೆ ನೋಡಿದ್ರಿ. ಎಲ್ಲಿ ಸುತ್ತಿದ್ದು ಅಂತ ಕೇಳೋಕೆ ನಿಮ್ಮ ಕಚೇರಿ ಇದೆ. ಯಾರು ಸುತ್ತಿದ್ದು ಅಂತ ಕೇಳೋ ಕಚೇರಿ ಎಲ್ಲಿದೆ ಹೇಳಿ. ಬಸ್ ಹತ್ಕೊಂಡು ನಾನೇ ಹೋಗ್ತೀನಿ."