ನನ್ನ ಪೆನ್ನು ಇಸಕೊಂಡವರೇ ಪುಕ್ಕಟೆ ಮನೆ ಅಂದರು

"ನಿಮಗೇನ್ರಿ ಸರ್, ನಿಮ್ಮ ಮಂದಿಗೆ ಸರ್ಕಾರ ಪುಕ್ಕಟೆ ಮನಿ ಕೊಡತೈತಿ. ಕಂತು ಕಟ್ಟಿ ಸಾಯೋರು ನಾವು."

ಬೆಂಗೇರಿಯ ನಮ್ಮ ಹೊಸ ಮನೆಯ ಪ್ರವೇಶದ ದಿನ, ಗೋಧಿ ಹುಗ್ಗಿ ಉಣ್ಣುತ್ತ ಪಕ್ಕದ ಮನೆಯವರು ಹೀಗೆಂದರು. ಗೋಡೆಯ ಮೇಲಿನ ಬುದ್ಧನ ಫೋಟೊ ಆಗಷ್ಟೇ ಅವರ ಕಣ್ಣಿಗೆ ಬಿದ್ದಿತ್ತು. ಅಲ್ಲಿಯವರೆಗೆ ನಾನು ಅವರಿಗೆ ಬರೀ ಹೈಸ್ಕೂಲ್ ಮಾಸ್ತರ; ಈಗ ದಲಿತ.

ಕಳೆದ ವರ್ಷ ಒಂದೇ ಬ್ಯಾಂಕಿನಲ್ಲಿ, ಒಂದೇ ದಿನ, ಅಕ್ಕಪಕ್ಕದ ಕುರ್ಚಿಯಲ್ಲಿ ಕುಳಿತು ನಾವಿಬ್ಬರೂ ಗೃಹಸಾಲದ ಕಾಗದಗಳಿಗೆ ಸಹಿ ಹಾಕಿದ್ದೆವು. ಮುಂಗಡಕ್ಕೆಂದು ನನ್ನ ಹೆಂಡತಿ ಬಂಗಾರದ ಬಳೆ ಮಾರಿದ್ದನ್ನು ಕೇಳಿ ಇದೇ ಮನುಷ್ಯ ಅಂದು ಮರುಗಿದ್ದರು.

"ಅವತ್ತ ಬ್ಯಾಂಕಿನ್ಯಾಗ ನನ್ನ ಪೆನ್ನು ಇಸ್ಕೊಂಡು ಸಹಿ ಮಾಡಿದ್ರಲ್ಲಾ, ನಿಮ್ಮ ಬಾಜೂಕ ಕುಂತು ನಾ ಏನು ಗೀಚಾಕತ್ತೇನಿ ಅಂತ ತಿಳ್ಕೊಂಡಿದ್ರಿ?" ಎಂದು ಎಲ್ಲರೆದುರೇ ಕೇಳಿದೆ. ಅವರು ತಲೆ ತಗ್ಗಿಸಿ ಎಲೆಯ ಮೇಲೆ ಬೆರಳಾಡಿಸತೊಡಗಿದರು.

ಮಂದಿ ಹೋದಮೇಲೆ ಹೆಂಡತಿ, "ಫೋಟೊ ಒಳಗಿನ ಖೋಲ್ಯಾಗ ಹಾಕೋಣೇನ್ರಿ?" ಅಂದಳು. ಬಾಗಿಲು ತೆರೆದವರಿಗೆ ಮೊದಲು ಅದೇ ಕಾಣುವಂತೆ ನಾನು ಎದುರಿನ ಗೋಡೆಗೆ ಹೊಸ ಮೊಳೆ ಹೊಡೆದೆ.